ಅರ್ಧ ಕಟ್ಟಿದ ಹಡಗುಗಳ ಮೇಜು

ಹಡಗುಗಳ ಪುಟ್ಟ ಮಾದರಿ ಕಟ್ಟುವ ನಮ್ಮ ಗುಂಪಿನಲ್ಲಿ ಬರೆದಿಟ್ಟ ನಿಯಮ ಅಂತ ಏನೂ ಇಲ್ಲ. ಆದರೆ ಎಲ್ಲರೂ ಪಾಲಿಸುವ ಒಂದು ಪದ್ಧತಿ ಇದೆ. ಕೂಡುವ ದಿನ ಮೇಜಿನ ಮೇಲೆ ಅರ್ಧ ಕಟ್ಟಿದ ಹಡಗನ್ನು ಮಾತ್ರ ಇಡಬೇಕು. ಪೂರ್ತಿ ಮುಗಿದದ್ದು ಮನೆಯ ಕಪಾಟಿನಲ್ಲಿರಲಿ, ಬಂದವರು ನೋಡಿ ಖುಷಿಪಡಲಿ. ಅದರಿಂದ ಕಲಿಯುವುದು ಕಡಿಮೆ. ಹಲಗೆ ಮುಚ್ಚಿದ ಮೇಲೆ ಒಳಗಿನ ಕೆಲಸ ಯಾರಿಗೆ ಕಾಣುತ್ತದೆ, ಹೇಳಿ?

ನನ್ನದು ಬೆಳಗಾವಿಯ ಶಹಾಪುರದಲ್ಲಿ ಫೋಟೊ ಫ್ರೇಮ್ ಹಾಕುವ ಅಂಗಡಿ. ಗಿರಾಕಿಯೊಬ್ಬರು ಮರದ ಹಡಗಿಗೆ ಗಾಜಿನ ಪೆಟ್ಟಿಗೆ ಮಾಡಿಸಲು ಬಂದಿದ್ದರು. ಪೆಟ್ಟಿಗೆ ಮಾಡಿಕೊಟ್ಟೆ, ಅವರ ಬೆನ್ನು ಹತ್ತಿ ಗುಂಪಿಗೂ ಸೇರಿಕೊಂಡೆ. ಭಾನುವಾರ ಬೆಳಗ್ಗೆ ಅನಗೋಳದಲ್ಲಿ ಒಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂಡುತ್ತೇವೆ. ಒಬ್ಬರು ಉದ್ಯಮಬಾಗದಲ್ಲಿ ಲೇಥ್ ನಡೆಸುತ್ತಾರೆ. ಒಬ್ಬರು ವಡಗಾವಿಯ ನೇಕಾರರು, ಅವರು ಎಲ್ಲರಿಗೂ ಕಾಕಾ. ಖಾನಾಪುರ ಕಡೆಯ ಬಡಗಿ ಇದ್ದಾರೆ. ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಡಂ ಇದ್ದಾರೆ. ಜೊತೆಗೆ ಕೆಲವು ಕಾಲೇಜು ಹುಡುಗರು. ಮಾತು ಕನ್ನಡ, ಮರಾಠಿ ಎರಡರಲ್ಲೂ ಓಡುತ್ತದೆ.

ಮೊದಮೊದಲು ಒಬ್ಬೊಬ್ಬರದು ಒಂದೊಂದು ಹಡಗು. ಒಬ್ಬರು ಪ್ಲಾಸ್ಟಿಕ್ ಕಿಟ್‌ನಲ್ಲಿ ವಿಮಾನವಾಹಕ ನೌಕೆ, ಇನ್ನೊಬ್ಬರು ಮೀನುಗಾರರ ದೋಣಿ. ಒಬ್ಬರ ತೊಂದರೆ ಇನ್ನೊಬ್ಬರಿಗೆ ಅರ್ಥವೇ ಆಗುತ್ತಿರಲಿಲ್ಲ. ಆಮೇಲೆ ಮೇಡಂ, ಎಲ್ಲರೂ ಒಂದೇ ಹಡಗು ಕಟ್ಟೋಣ ಅಂದರು. ಅಲ್ಲಿಂದ ನಿಜವಾದ ಕಲಿಕೆ ಶುರುವಾಯಿತು ಅಂತ ನನ್ನ ಅಭಿಪ್ರಾಯ. ಒಂದೇ ಹಡಗಾದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾವು ಆರಿಸಿಕೊಂಡದ್ದು ಟ್ರಿಂಕೋಮಲಿ ಎಂಬ ಯುದ್ಧನೌಕೆ. ಬ್ರಿಟಿಷ್ ನೌಕಾಪಡೆಗಾಗಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಹಡಗು. 1817ರಲ್ಲಿ ನೀರಿಗಿಳಿಯಿತು. ಈಗ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿದೆ, ಇವತ್ತಿಗೂ ತೇಲುತ್ತಿದೆ. ಇದರ ವಿನ್ಯಾಸದ ಮೂಲ ಬ್ರಿಟಿಷರು 1782ರಲ್ಲಿ ಸೆರೆಹಿಡಿದ ಹೀಬೆ ಎಂಬ ಫ್ರೆಂಚ್ ಹಡಗು. ಇನ್ನೊಂದು ಸ್ವಾರಸ್ಯ ಇದೆ. ಮುಂಬಯಿಗೆ ನಕ್ಷೆ ಹೊತ್ತು ಬರುತ್ತಿದ್ದ ಜಾವಾ ಎಂಬ ಹಡಗು 1812ರಲ್ಲಿ ಅಮೆರಿಕದವರ ಜೊತೆಗಿನ ಕಾಳಗದಲ್ಲಿ ನಾಶವಾಯಿತು. ನಕ್ಷೆಯನ್ನು ಮತ್ತೆ ಕಳಿಸಬೇಕಾಯಿತು. ಪ್ರಿಂಟ್‌ಔಟ್ ತರುವುದು ಮರೆತವರಿಗೆ ನಮ್ಮಲ್ಲಿ ಈಗಲೂ "ನಿಮ್ಮ ಜಾವಾ ಮುಳುಗ್ತೇನ್ರಿ?" ಅಂತ ಕೇಳುತ್ತಾರೆ.

ಅಳತೆ 1:64. ಅಂದರೆ ನಿಜವಾದ ಒಂದು ಅಡಿ ಮಾದರಿಯಲ್ಲಿ 4.76 ಮಿಲಿಮೀಟರ್. ಆರು ಅಡಿಯ ಮನುಷ್ಯ ಮೂರು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಸುಮಾರು 150 ಅಡಿಯ ಗನ್ ಡೆಕ್, ಅಂದರೆ ಫಿರಂಗಿ ಸಾಲಿನ ಅಟ್ಟ, ಇಲ್ಲಿ 71 ಸೆಂಟಿಮೀಟರ್ ಆಗುತ್ತದೆ. ಮನೆಯಲ್ಲಿ ಇಡಲು ಜಾಗ ಇದೆಯಾ ಅಂತ ಮೊದಲೇ ಅಳೆದುಕೊಳ್ಳಿ. ಮಾಸ್ಟ್ ಅಂದರೆ ಹಾಯಿಕಂಬ, ಮೂತಿಯಿಂದ ಮುಂದೆ ಚಾಚುವ ಬೌಸ್ಪ್ರಿಟ್ ಎಂಬ ಕಂಬ ಸೇರಿದರೆ ಇನ್ನೂ ಜಾಸ್ತಿ ಬೇಕು.

ನಕ್ಷೆ ಓದುವುದನ್ನು ಕಲಿಸಿದ್ದು ಮೇಡಂ. ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ. ಪಕ್ಕದಿಂದ ಒಂದು, ಮೇಲಿನಿಂದ ಒಂದು, ಎದುರಿನಿಂದ ಒಂದು. ಮೊದಲ ಎರಡು ಯಾರಿಗಾದರೂ ತಿಳಿಯುತ್ತವೆ. ಮೂರನೆಯದು, ಬಾಡಿ ಪ್ಲಾನ್, ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಮೇಡಂ ಒಂದು ಸೌತೆಕಾಯಿ ತಂದು ಅಡ್ಡಡ್ಡ ಹೋಳು ಮಾಡಿದರು. ಪ್ರತಿ ಹೋಳಿನ ಅಂಚನ್ನು ಒಂದರ ಮೇಲೊಂದು ಬರೆದರೆ ಬಾಡಿ ಪ್ಲಾನ್ ಆಯಿತು. ಎಡಬದಿ, ಬಲಬದಿ ಒಂದೇ ಥರ ಇರುವುದರಿಂದ ಅರ್ಧ ಅರ್ಧ ಬರೆದರೆ ಸಾಕು. ಹಾಗಾಗಿ ಬಲಕ್ಕೆ ಮುಂಭಾಗದ ಹೋಳುಗಳು, ಎಡಕ್ಕೆ ಹಿಂಭಾಗದವು. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ತಿಂದೆವು, ಪಾಠ ಮುಗಿಯಿತು.

ಆ ಹೋಳುಗಳನ್ನೇ ಪ್ಲೈವುಡ್‌ನಲ್ಲಿ ಕೊಯ್ದರೆ ಬಲ್ಕ್‌ಹೆಡ್. ಅವನ್ನು ಕೀಲ್‌ಗೆ, ಅಂದರೆ ಹಡಗಿನ ತಳದ ಬೆನ್ನೆಲುಬಿಗೆ ಸಿಕ್ಕಿಸಿ, ಮೇಲೆ ಹಲಗೆ ಹೊದಿಸುವುದು. ಇಲ್ಲಿ ಬಡಗಿ ಅಣ್ಣನ ಮಾತೇ ಅಂತಿಮ. ನಿಜವಾದ ಹಡಗು ತೇಗದ್ದು ಅಂತ ನಾವು ಸಾಗವಾನಿ ಪಟ್ಟಿ ಕೇಳಿದೆವು. "ಬ್ಯಾಡ್ರಿ, ಅದರ ತೂತು ನೋಡ್ರಿ" ಅಂದರು. ತೇಗದ ರಂಧ್ರ, ಎಳೆ ದಪ್ಪ. 64 ಪಟ್ಟು ಹಿಗ್ಗಿಸಿ ಯೋಚಿಸಿದರೆ ಹಲಗೆಯಲ್ಲಿ ಕಾಲುವೆ ತೋಡಿದ ಹಾಗೆ ಕಾಣುತ್ತದೆ. ಬದಲಿಗೆ ಅವರು ಆರಿಸಿದ್ದು ಹೆದ್ದಿ, ಅಂದರೆ ಅರಿಶಿನ ತೇಗ. ಹಿಂದೆ ಗಿರಣಿಗಳಿಗೆ ನೂಲು ಸುತ್ತುವ ಬಾಬಿನ್ ಮಾಡುತ್ತಿದ್ದ ಮರ. ಎಳೆ ಸಣ್ಣ, ಬಣ್ಣ ಹಳದಿ, ತೆಳುವಾಗಿ ಸೀಳಿದರೂ ಅಂಚು ಕಿತ್ತುಬರುವುದಿಲ್ಲ. ಹಳೆಯ ಬಾಗಿಲು, ಚೌಕಟ್ಟು ಮಾರುವ ಕಡೆ ಹುಡುಕಿದರೆ ತುಂಡುಗಳು ಸಿಗುತ್ತವೆ.

ಹಲಗೆ ಹೊದಿಸುವಾಗ ಎಲ್ಲರೂ ಮಾಡಲು ಹೋಗುವುದು ಒಂದೇ. ಒಂದೇ ಅಗಲದ ಪಟ್ಟಿಯನ್ನು ಮುಂದಿನಿಂದ ಹಿಂದಿನವರೆಗೆ ಎಳೆಯುವುದು. ಅದು ಆಗದ ಮಾತು. ಹಡಗಿನ ನಡುವೆ ಸುತ್ತಳತೆ ಜಾಸ್ತಿ, ಮೂತಿಯ ಹತ್ತಿರ ಕಡಿಮೆ. ಹಲಗೆಗಳ ಸಂಖ್ಯೆ ಮಾತ್ರ ಎರಡೂ ಕಡೆ ಅಷ್ಟೇ. ಅಂದಮೇಲೆ ಪ್ರತಿ ಹಲಗೆ ಮೂತಿಯ ಕಡೆ ಕಿರಿದಾಗಲೇಬೇಕು. ನಾವು ಪ್ರತಿ ಬಲ್ಕ್‌ಹೆಡ್ಡಿನ ಅಂಚಿಗೆ ಕಾಗದದ ಪಟ್ಟಿ ಸುತ್ತಿ, ಉದ್ದ ಗುರುತು ಮಾಡಿ, ಅದನ್ನು ಹಲಗೆಗಳ ಸಂಖ್ಯೆಗೆ ಸಮನಾಗಿ ಭಾಗಿಸುತ್ತೇವೆ. ಆ ಗುರುತನ್ನೇ ಬಲ್ಕ್‌ಹೆಡ್ ಮೇಲೆ ಪೆನ್ಸಿಲಿನಿಂದ ಇಳಿಸುತ್ತೇವೆ. ಹಲಗೆಯ ಅಗಲ ಅರ್ಧಕ್ಕಿಂತ ಕಡಿಮೆಯಾಗುವ ಹಾಗಿದ್ದರೆ ಅಲ್ಲಿ ಎರಡು ಹಲಗೆಗಳನ್ನು ಒಂದಕ್ಕೆ ಸೇರಿಸುತ್ತೇವೆ. ಹಿಂಭಾಗದಲ್ಲಿ ಉಲ್ಟಾ. ಅಲ್ಲಿ ಜಾಗ ಹಿಗ್ಗುವುದರಿಂದ ನಡುವೆ ಬೆಣೆಯಾಕಾರದ ತುಂಡು ಸೇರಿಸಬೇಕು.

ಇನ್ನೊಂದು ಮಾತು. ಬಿಸಿನೀರಿನಲ್ಲಿ ನೆನೆಸಿ, ಕೂದಲು ನೇರ ಮಾಡುವ ಸ್ಟ್ರೇಟ್ನರ್‌ನಿಂದ ಒತ್ತಿದರೆ ಪಟ್ಟಿ ತನ್ನ ದಪ್ಪದ ಕಡೆಗೆ ಚೆನ್ನಾಗಿ ಬಾಗುತ್ತದೆ. ಆದರೆ ಅಗಲದ ಕಡೆಗೆ ಬಾಗಿಸಲು ಹೋದರೆ ತಿರುಚಿಕೊಂಡು ಮೇಲೇಳುತ್ತದೆ. "ಬಾಗಸಬ್ಯಾಡ್ರಿ, ಡೊಂಕಾಗೇ ಕೊಯ್ಕೊಳ್ರಿ" ಅಂತ ಬಡಗಿ ಅಣ್ಣ ಹೇಳುತ್ತಾರೆ. ಅಗಲವಾದ ತೆಳು ಹಲಗೆಯಿಂದ ಬೇಕಾದ ಡೊಂಕಿನಲ್ಲೇ ಕೊಯ್ದುಕೊಂಡರೆ ಕ್ಲಿಪ್ ಹಾಕದಿದ್ದರೂ ತಾನಾಗಿ ಕೂರುತ್ತದೆ. ಮರ ಜಾಸ್ತಿ ಹಾಳಾಗುತ್ತದೆ ನಿಜ, ಆದರೂ ಇದೇ ಸರಿ. ಅಂಟಿಗೆ ಫೆವಿಕಾಲ್ ಸಾಕು. ಬೇಗ ಹಿಡಿಯುವ ಅಂಟಿಗೆ ಸರಿಪಡಿಸಲು ಪುರುಸೊತ್ತು ಇರುವುದಿಲ್ಲ.

ನಮ್ಮೂರಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯ ಗಾಳಿಯಲ್ಲಿ ತೇವ ಇರುತ್ತದೆ, ಮರ ಅಡ್ಡಕ್ಕೆ ಊದುತ್ತದೆ. ಆಗ ಒತ್ತೊತ್ತಾಗಿ ಹೊದಿಸಿದ ಹಲಗೆ ಏಪ್ರಿಲ್ ಬಿಸಿಲಿಗೆ ಸಂದು ಬಿಡುತ್ತದೆ. ಹಾಗಾಗಿ ಹಲಗೆ ಕೆಲಸವೆಲ್ಲ ದೀಪಾವಳಿ ಆದಮೇಲೆ. ಮಳೆಗಾಲಕ್ಕೆ ಹಗ್ಗದ ಕೆಲಸ.

ಹಗ್ಗದ ವಿಷಯಕ್ಕೆ ಬಂದರೆ ಕಾಕಾ ಗುರುಗಳು. ಅಂಗಡಿಯ ಹೊಲಿಗೆ ದಾರವನ್ನು ಹಾಗೇ ಕಟ್ಟಿದರೆ ಅದು ದಾರದ ಹಾಗೇ ಕಾಣುತ್ತದೆ, ಹಗ್ಗದ ಹಾಗಲ್ಲ. ಅದಕ್ಕೆ ನಾವೇ ಹಗ್ಗ ಹೊಸೆಯುವ ಪುಟ್ಟ ಯಂತ್ರ ಮಾಡಿಕೊಂಡಿದ್ದೇವೆ. ಒಂದು ಕೊನೆಯಲ್ಲಿ ಒಟ್ಟಿಗೆ ತಿರುಗುವ ಮೂರು ಕೊಕ್ಕೆ, ಇನ್ನೊಂದು ಕೊನೆಯಲ್ಲಿ ಜಾರುವ ಗಾಡಿಯ ಮೇಲೆ ಒಂದು ಕೊಕ್ಕೆ, ನಡುವೆ ಮೂರು ಗೀರಿರುವ ಮರದ ಶಂಕು. ಗೇರ್‌ಗಳನ್ನು ಲೇಥ್ ಮಾಮಾ ಕೊಟ್ಟರು. ಮೂರು ಎಳೆಗಳಿಗೆ ಹುರಿ ಏರಿದಂತೆ ಅವು ಗಿಡ್ಡವಾಗಿ ಗಾಡಿಯನ್ನು ಎಳೆಯುತ್ತವೆ. ಆಮೇಲೆ ಶಂಕುವನ್ನು ಸರಿಸುತ್ತ ಹೋದರೆ ಅದರ ಹಿಂದೆ ಹಗ್ಗ ತಾನೇ ಹೆಣೆದುಕೊಳ್ಳುತ್ತದೆ.

ನಮ್ಮ ಹಗ್ಗ ನೋಡಲು ಚೆನ್ನಾಗಿತ್ತು. ಕಾಕಾ ಭೂತಗನ್ನಡಿ ಹಿಡಿದು, "ಇದು ಎಡಕ್ ಹೊಸದೈತ್ರಿ. ಚಿತ್ರದಾಗ ಬಲಕ್ಕೈತಿ" ಅಂದರು. ಅವರು ಹೇಳಿದ್ದು ಸರಿ. ಆ ಕಾಲದ ಹಡಗಿನ ಸಾಮಾನ್ಯ ಮೂರೆಳೆ ಹಗ್ಗ ಬಲ ಹುರಿಯದು, ಅಂದರೆ ನೆಟ್ಟಗೆ ಹಿಡಿದರೆ ಎಳೆಗಳು ಬಲಕ್ಕೆ ಓರೆಯಾಗಿ ಏರುತ್ತವೆ. ಎಡ ಹುರಿ ಇರುವುದು ಲಂಗರಿನ ದಪ್ಪ ಹಗ್ಗಕ್ಕೆ, ಯಾಕೆಂದರೆ ಅದು ಮೂರು ಹಗ್ಗಗಳನ್ನು ಮತ್ತೆ ಸೇರಿಸಿ ಹೊಸೆದದ್ದು. ಪ್ರತಿ ಸಲ ಸೇರಿಸುವಾಗಲೂ ಹುರಿಯ ದಿಕ್ಕು ಬದಲಾಗಬೇಕು, ಇಲ್ಲದಿದ್ದರೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ದಾರಕ್ಕೆ ಸಾಮಾನ್ಯವಾಗಿ ಮೊದಲೇ ಬಲ ಹುರಿ ಇರುತ್ತದೆ. ಅದರಿಂದ ಹೊಸೆದರೆ ಎಡ ಹುರಿಯ ಹಗ್ಗವೇ ಬರುವುದು. ಕಾಕಾ ಮಗ್ಗದ ಎರಡೆಳೆ ಹತ್ತಿ ನೂಲು ತಂದರು. ಅದರಲ್ಲಿ ಎರಡು ಎಳೆ ಸೇರಿದ ಹುರಿ ಎಡಕ್ಕೆ. ಅದರಿಂದ ಹೊಸೆದ ಹಗ್ಗ ತಾನಾಗಿ ಬಲಕ್ಕೆ ಬಂತು. ಹೊರಗಿನಿಂದ ದುಬಾರಿ ಹಗ್ಗ ತರಿಸುವ ಯೋಚನೆ ಅಲ್ಲಿಗೆ ಬಿಟ್ಟೆವು.

ದಪ್ಪದ ವಿಷಯದಲ್ಲೂ ಒಂದು ಎಚ್ಚರ ಬೇಕು. ಹಳೆಯ ಇಂಗ್ಲಿಷ್ ಪಟ್ಟಿಗಳಲ್ಲಿ ಹಗ್ಗದ ಅಳತೆ ಅಂದರೆ ಸುತ್ತಳತೆ, ವ್ಯಾಸ ಅಲ್ಲ. 8 ಇಂಚಿನ ಹಗ್ಗ ಅಂದರೆ ವ್ಯಾಸ ಸುಮಾರು ಎರಡೂವರೆ ಇಂಚು. ನಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್. ಹೊಸೆದದ್ದನ್ನು ಪೆನ್ಸಿಲ್ ಮೇಲೆ ಹತ್ತು ಸುತ್ತು ಒತ್ತಾಗಿ ಸುತ್ತಿ ಅಳೆದು, ಹತ್ತರಿಂದ ಭಾಗಿಸುತ್ತೇವೆ. ಮಾಸ್ಟ್‌ಗಳನ್ನು ಹಿಡಿದು ನಿಲ್ಲಿಸುವ ಹಗ್ಗಕ್ಕೆ ಡಾಂಬರಿನ ಕಡುಬಣ್ಣ, ಹಾಯಿ ಎಳೆಯುವ ಹಗ್ಗಕ್ಕೆ ತಿಳಿಬಣ್ಣ. ಕಾಕಾ ಬಣ್ಣವನ್ನೂ ಮನೆಯಲ್ಲೇ ಹಾಕಿ ತರುತ್ತಾರೆ.

ಫಿರಂಗಿಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಲೇಥ್ ಮಾಮಾ ಒಂದೇ ಆಕಾರದ ಟೂಲ್ ಉಜ್ಜಿಕೊಂಡು ಹಿತ್ತಾಳೆ ಸರಳಿನಿಂದ ಸಾಲಾಗಿ ತೆಗೆದುಕೊಟ್ಟರು. ನಮಗೆ ಬಣ್ಣ ಬಳಿಯುವ ಕೆಲಸ ಅಷ್ಟೇ ಉಳಿಯಿತು. ಇದು ಅಷ್ಟು ಒಳ್ಳೆಯದಲ್ಲ ಅಂತ ನನಗೆ ಅನ್ನಿಸುತ್ತದೆ. ಬಲ್ಲವರು ಮಾಡಿಕೊಟ್ಟರೆ ಉಳಿದವರು ಕಲಿಯುವುದಿಲ್ಲ. ಈಗ ಹುಡುಗರು ಮಾಮಾನ ಪಕ್ಕ ನಿಂತು ತಾವೇ ಒಂದೊಂದು ತೆಗೆಯುತ್ತಾರೆ. ವಕ್ರವಾದರೂ ಪರವಾಗಿಲ್ಲ.

ನನ್ನ ಪಾಲಿನದು ಗಾಜಿನ ಪೆಟ್ಟಿಗೆ. ದೂಳು ಹೋಗದಂತೆ ಪೂರ್ತಿ ಸೀಲ್ ಮಾಡಿಕೊಡಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಮಾಡುವುದಿಲ್ಲ. ಮರ, ಪ್ಲೈವುಡ್, ಕೆಲವು ಅಂಟು ಸಣ್ಣಗೆ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ನಿಂತರೆ ಸೀಸದ ಭಾಗಗಳು ಬೆಳ್ಳಗೆ ಪುಡಿಪುಡಿಯಾಗುತ್ತವೆ. ಹಳೆಯ ಕಿಟ್‌ಗಳ ಲಂಗರು, ಫಿರಂಗಿ ಹೀಗೇ ಹಾಳಾಗುವುದು. ಅದಕ್ಕೆ ತಳದಲ್ಲಿ ಸಣ್ಣ ಕಿಂಡಿ ಬಿಟ್ಟು, ಒಳಗಿನಿಂದ ತೆಳು ಬಟ್ಟೆ ಅಂಟಿಸುತ್ತೇನೆ. ಗಾಳಿ ಆಡುತ್ತದೆ, ದೂಳು ನಿಲ್ಲುತ್ತದೆ.

ವರ್ಷಕ್ಕೊಮ್ಮೆ ಎಲ್ಲಾದರೂ ಹೋಗಿಬರುವ ರೂಢಿ ಇದೆ. ಕಾರವಾರದ ಕಡಲತೀರದಲ್ಲಿ ಇಟ್ಟಿರುವ ಚಾಪಲ್ ಯುದ್ಧನೌಕೆಯನ್ನು ಹತ್ತಿಳಿದು ನೋಡಿದ್ದೇವೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಐಹೊಳೆ. ಹಡಗು ನೋಡಲು ಬಾಗಲಕೋಟೆ ಜಿಲ್ಲೆಗೆ ಯಾಕೆ ಅಂತ ಮನೆಯಲ್ಲಿ ನಕ್ಕರು. ಮೇಗುಟಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ 634ರ ಶಾಸನ ಇದೆ. ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮದವೇರಿದ ಆನೆಗಳ ಹಿಂಡಿನಂಥ ನೂರಾರು ಹಡಗುಗಳಿಂದ ಮುತ್ತಿದ ಅಂತ ಅದರಲ್ಲಿದೆ. ಆ ಹಡಗುಗಳನ್ನು ಹೇಗೆ ಕಟ್ಟಿದ್ದರು ಅಂತ ಬಸ್ಸಿನಲ್ಲಿ ಬರುವಾಗ ಜಗಳವೇ ಆಯಿತು.

ಆ ಜಗಳದಿಂದಲೇ ಈಗಿನ ಕೆಲಸ ಹುಟ್ಟಿತು. ನಮ್ಮ ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯ ಎಂಬ ಹಾಯಿಹಡಗನ್ನು ಸೇರಿಸಿಕೊಂಡಿತು. ಅಜಂತಾದ ಐದನೇ ಶತಮಾನದ ಚಿತ್ರದಲ್ಲಿರುವ ಹಡಗೇ ಅದಕ್ಕೆ ಮಾದರಿ. ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ಗಂಡಭೇರುಂಡ ಇದೆ. ಅದನ್ನು ನೋಡಿದ ಮೇಲೆ ನಮ್ಮವರು ಸುಮ್ನೆ ಇರುತ್ತಾರೆಯೇ?

ಇಡೀ ಹಡಗು ಬೇಡ, ಹೊಲಿದ ಒಡಲಿನ ಒಂದು ತುಂಡನ್ನು 1:24ರಲ್ಲಿ ಮಾಡೋಣ ಅಂತ ಒಪ್ಪಿದ್ದೇವೆ. ಎರಡು ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿನ ಮೇಲೆ ನಾರಿನ ಸುರುಳಿ ಇಟ್ಟು, ಅಡ್ಡಡ್ಡ ಹೊಲಿಯಬೇಕು. ತೆಂಗಿನ ನಾರಿನ ಒಂದು ಎಳೆ ಸುಮಾರು ಕಾಲು ಮಿಲಿಮೀಟರ್ ದಪ್ಪ. ಈ ಅಳತೆಯಲ್ಲಿ ಅದೇ 6 ಮಿಲಿಮೀಟರ್ ಹಗ್ಗ ಆಗುತ್ತದೆ, ಹೊಸೆಯುವ ಗೋಜೇ ಇಲ್ಲ. ತೊಂದರೆ ಏನೆಂದರೆ ಅದು ಸೆಟೆದುಕೊಂಡಿರುತ್ತದೆ, ಗಂಟು ನಿಲ್ಲುವುದಿಲ್ಲ. ರಾತ್ರಿ ನೆನೆಸಿಟ್ಟರೆ ಮೆತ್ತಗಾಗುತ್ತದೆ ಅನ್ನುವುದು ಬಡಗಿ ಅಣ್ಣನ ವಾದ. ಹತ್ತಿ ನೂಲಿಗೇ ನಾರಿನ ಬಣ್ಣ ಹಾಕೋಣ ಅನ್ನುವುದು ಕಾಕಾನ ವಾದ. ಇಬ್ಬರೂ ತಮ್ಮ ತಮ್ಮ ತುಂಡು ಹೊಲಿದು ತರುತ್ತಾರಂತೆ. ಮುಂದಿನ ಭಾನುವಾರ ಎರಡನ್ನೂ ಒಂದು ಬೋಗುಣಿ ನೀರಿನಲ್ಲಿ ಬಿಟ್ಟು, ಯಾವುದರ ಸಂದಿನಲ್ಲಿ ಮೊದಲು ನೀರು ಜಿನುಗುತ್ತದೆ ಅಂತ ನೋಡುವುದಿದೆ.