ಐರನ್ ಮಾತ್ರೆ ಕೊಟ್ಟರೂ ಎಚ್‌ಬಿ ಏರ್ತಿಲ್ಲ ಅಂದ್ರೆ ನಾನು ಕೇಳೋದು ನೀರು, ಟಾಯ್ಲೆಟ್ ಬಗ್ಗೆ

ರಕ್ತಹೀನತೆ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು, ಸರಿಯಾಗಿ ತಿಂತಿಲ್ಲ, ಮಾತ್ರೆ ತಗೊಳ್ತಿಲ್ಲ ಅಂತ. ನಾನು ನರ್ಸ್, ಗರ್ಭಿಣಿಯರ, ಚಿಕ್ಕ ಮಕ್ಕಳ ಎಚ್‌ಬಿ (100 ಎಂಎಲ್ ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಅನ್ನೋ ಲೆಕ್ಕ) ನೋಡೋದು, ಮನೆ ಮನೆಗೆ ಹೋಗಿ ಫಾಲೋಅಪ್ ಮಾಡೋದು ನನ್ನ ಕೆಲಸ. ಐರನ್ ಕೊರತೆಯಿಂದ ಕಮ್ಮಿ ಆಗಿದ್ರೆ, ಮಾತ್ರೆ ಸರಿಯಾಗಿ ತಗೊಂಡ್ರೆ ತಿಂಗಳಲ್ಲಿ ಹೆಚ್ಚುಕಮ್ಮಿ 1 ಗ್ರಾಂ ಏರಬೇಕು. ಆದ್ರೆ ಕೆಲವರದ್ದು ಏರೋದೇ ಇಲ್ಲ, ಇನ್ನು ಕೆಲವರದ್ದು ಏರಿ 11 ಗ್ರಾಂ ದಾಟಿ, ಕೋರ್ಸ್ ಮುಗಿದು ಸ್ವಲ್ಪ ದಿನಕ್ಕೆ ಮತ್ತೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತೆ. ಇಂಥವರಿಗೆ ಬೈದು ಇನ್ನೊಂದು ಸ್ಟ್ರಿಪ್ ಕೊಟ್ಟು ಕಳಿಸೋದು ನಂಗೆ ಸರಿ ಅನ್ನಿಸ್ಲಿಲ್ಲ.

ಅದಕ್ಕೆ ರಿಜಿಸ್ಟರ್‌ನಲ್ಲಿ ಎಚ್‌ಬಿ ಪಕ್ಕ ನಾನೇ ಗೆರೆ ಎಳೆದು ಮೂರು ಕಾಲಂ ಮಾಡ್ಕೊಂಡೆ. ನೀರು ಎಲ್ಲಿಂದ, ಶೌಚಕ್ಕೆ ಎಲ್ಲಿಗೆ, ಕಾಲಿಗೆ ಚಪ್ಪಲಿ ಇರುತ್ತಾ. ಇಷ್ಟೇ. ತುಂಬ್ತಾ ತುಂಬ್ತಾ ಕಾಣಿಸಿದ್ದೇನಂದ್ರೆ, ಏರಿ ಇಳಿಯೋ ಎಚ್‌ಬಿಗಳು ಅಲ್ಲೊಂದು ಇಲ್ಲೊಂದು ಚದುರಿರಲಿಲ್ಲ, ಒಂದೇ ಬಯಲಿಗೆ ಹೋಗೋ ಮನೆಗಳಲ್ಲಿ ಗುಂಪುಗುಂಪಾಗಿ ಇದ್ವು.

ಇದರ ಹಿಂದಿರೋದು ಹೆಚ್ಚಾಗಿ ಕೊಕ್ಕೆಹುಳು. ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತೆ, ನೆರಳಿರೋ, ಬೆಚ್ಚಗೆ ತೇವ ಇರೋ ಮಣ್ಣಲ್ಲಿ ಒಂದು ವಾರದ ಆಸುಪಾಸಲ್ಲಿ ಮರಿ ರೆಡಿ, ಬರಿಗಾಲಲ್ಲಿ ತುಳಿದವರ ಚರ್ಮ ತೂರಿ ಒಳಗೆ ಹೋಗಿ ರಕ್ತದಲ್ಲಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಅಲ್ಲಿಂದ ನುಂಗಿದಾಗ ಸಣ್ಣ ಕರುಳಿಗೆ ಹೋಗಿ ಕಚ್ಚಿಕೊಂಡು ಕೂರುತ್ತೆ, ವರ್ಷಗಟ್ಟಲೆ. ನೆಕೇಟರ್ ಅನ್ನೋ ಜಾತಿಯ ಒಂದು ಹುಳ ದಿನಕ್ಕೆ ಸುಮಾರು 0.03 ಎಂಎಲ್ ರಕ್ತ ಕಳೆಯುತ್ತೆ, ಆಂಕೈಲೋಸ್ಟೋಮಾ ಆದ್ರೆ ಅದರ ಐದಾರು ಪಟ್ಟು. ಲೆಕ್ಕ ಹಾಕಿ ನೋಡಿ, ನೆಕೇಟರ್ 100 ಹುಳ ಇದ್ರೆ ದಿನಕ್ಕೆ 3 ಎಂಎಲ್, ಒಂದು ಎಂಎಲ್ ರಕ್ತದಲ್ಲಿ ಹತ್ತಿರಹತ್ತಿರ ಅರ್ಧ ಮಿಲಿಗ್ರಾಂ ಕಬ್ಬಿಣ, ಅಂದ್ರೆ ದಿನಕ್ಕೆ ಸುಮಾರು ಒಂದೂವರೆ ಮಿಲಿಗ್ರಾಂ ಹೋಗುತ್ತೆ. ಇತ್ತ ದೇಹ ಊಟದಿಂದ ಹೀರಿಕೊಳ್ಳೋದೇ ದಿನಕ್ಕೆ 1ರಿಂದ 2 ಮಿಲಿಗ್ರಾಂ. ಕರುಳಿಗೆ ಬಿದ್ದ ರಕ್ತದಿಂದ ಒಂಚೂರು ವಾಪಸ್ ಸಿಗುತ್ತೆ, ನಿಜ, ಆದ್ರೂ ಬಂದಿದ್ರಲ್ಲಿ ದೊಡ್ಡ ಪಾಲು ಹೋಯ್ತಲ್ಲ.

ಇದೇನು ಹೊಸ ವಿಷಯ ಅಲ್ಲ. 1880ರ ಹೊತ್ತಿಗೆ ಆಲ್ಪ್ಸ್ ಬೆಟ್ಟದ ಕೆಳಗೆ ಸೇಂಟ್ ಗೊಟಾರ್ಡ್ ಸುರಂಗ ಕೊರೀತಿದ್ದ ಕೂಲಿಗಳು ಬಿಳಿಚಿಕೊಂಡು ಬೀಳ್ತಿದ್ರು, ಒಳಗೆ ಸೆಕೆ, ಕೆಸರು, ಶೌಚಕ್ಕೆ ವ್ಯವಸ್ಥೆ ಇಲ್ಲ, ಕೊನೆಗೆ ಇಟಲಿಯ ಪೆರೊಂಚಿತೊ ಅನ್ನೋ ವಿಜ್ಞಾನಿ ಮಲ ಪರೀಕ್ಷೆ ಮಾಡಿ ಹುಳ ಅಂತ ತೋರಿಸಿದ್ರು. ಅಷ್ಟು ಹಿಂದೆಯೇ ಗೊತ್ತಾಗಿದ್ದನ್ನ ಇವತ್ತಿಗೂ ನಾವು ಬರೀ ಮಾತ್ರೆ ಎಣಿಸಿ ಮರೀತೀವಿ ಅನ್ನೋದು ನಂಗೆ ತುಂಬಾ ನೋವಾಗೋ ವಿಷಯ.

ಸ್ಟೂಲ್ ಟೆಸ್ಟ್ ಬಗ್ಗೆ ಒಂದು ಮಾತು, ಇದು ಫೀಲ್ಡಲ್ಲಿರೋರಿಗೆ ಉಪಯೋಗ ಆಗುತ್ತೆ. ನಾವು ಕಳಿಸಿದ ಸ್ಯಾಂಪಲ್‌ಗಳಿಗೆ ಒಂದು ಲ್ಯಾಬಿಂದ ಸಾಲಾಗಿ "ಕೊಕ್ಕೆಹುಳದ ಮೊಟ್ಟೆ ಇಲ್ಲ" ಅಂತ ರಿಪೋರ್ಟ್ ಬರ್ತಿತ್ತು. ವಿಚಾರಿಸಿದ್ರೆ ಬೆಳಗ್ಗೆ ಸ್ಲೈಡ್ ಮಾಡಿಟ್ಟು ಸಂಜೆ ನೋಡ್ತಿದ್ರು. ಕೇಟೊ ಕಾಟ್ಜ್ ಅಂದ್ರೆ ಮಲವನ್ನ ಸ್ಲೈಡ್ ಮೇಲೆ ಹಚ್ಚಿ ಹುಳದ ಮೊಟ್ಟೆ ಎಣಿಸೋ ವಿಧಾನ, ಆ ಸ್ಲೈಡ್‌ನಲ್ಲಿ ಗ್ಲಿಸರಿನ್ ಇರುತ್ತೆ, ಅದು ಎಲ್ಲವನ್ನೂ ಪಾರದರ್ಶಕ ಮಾಡ್ತಾ ಹೋಗುತ್ತೆ, ಕೊಕ್ಕೆಹುಳದ ಮೊಟ್ಟೆ ತೆಳು ಸಿಪ್ಪೆಯದ್ದು, ಅರ್ಧ ಗಂಟೆ, ಜಾಸ್ತಿ ಅಂದ್ರೆ ಒಂದು ಗಂಟೆ ಒಳಗೆ ನೋಡ್ಲಿಲ್ಲ ಅಂದ್ರೆ ಕಾಣೋದೇ ಇಲ್ಲ. ಬೇರೆ ಹುಳದ ಮೊಟ್ಟೆ ಗಟ್ಟಿ, ಅವು ಸಂಜೆಗೂ ಕಾಣ್ತವೆ, ಅದಕ್ಕೇ ಯಾರಿಗೂ ಡೌಟ್ ಬಂದಿರ್ಲಿಲ್ಲ. ಟೈಮ್ ಬರೆದು ಕಳಿಸೋಕೆ ಶುರು ಮಾಡಿ, ಮಾಡಿದ ಕೂಡ್ಲೇ ನೋಡಿ ಅಂತ ಕೇಳಿಕೊಂಡ ಮೇಲೆ ರಿಪೋರ್ಟ್‌ಗಳು ಬದಲಾದ್ವು.

ಪಾಸಿಟಿವ್ ಬಂದವರಿಗೆ ಹುಳದ ಮಾತ್ರೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಡಾಕ್ಟರ್ ಹೇಳಿದ್ರೆ ಮಾತ್ರ. ಆದ್ರೆ ಆ ಮಾತ್ರೆ ಇರೋ ಹುಳ ತೆಗೆಯುತ್ತೆ, ನಾಳೆ ಅದೇ ಜಾಗಕ್ಕೆ ಬರಿಗಾಲಲ್ಲಿ ಹೋದ್ರೆ ಮತ್ತೆ ಹತ್ತೋದನ್ನ ತಡೆಯಲ್ಲ. ಟಾಯ್ಲೆಟ್ ಇರೋ ಮನೆಗಳಲ್ಲೂ ನೀರು ದೂರದಿಂದ ಹೊತ್ತು ತರಬೇಕು ಅಂದ್ರೆ ಅದರೊಳಗೆ ಸಾಮಾನು ತುಂಬಿಟ್ಟಿರ್ತಾರೆ, ತಪ್ಪು ಅವರದ್ದಲ್ಲ, ಹೊತ್ತು ತಂದ ಕೊಡದ ನೀರನ್ನ ಯಾರು ತಾನೇ ಟಾಯ್ಲೆಟ್‌ಗೆ ಸುರೀತಾರೆ. ಹಾಗಾಗಿ ಈಗ ನಾನು "ಟಾಯ್ಲೆಟ್ ಇದೆಯಾ" ಅಂತ ಕೇಳಲ್ಲ, "ಇವತ್ತು ಬೆಳಗ್ಗೆ ಎಲ್ಲಿಗೆ ಹೋಗಿದ್ರಿ, ಮಗು ಎಲ್ಲಿಗೆ ಹೋಯ್ತು" ಅಂತ ಕೇಳ್ತೀನಿ.

ಒಬ್ಬ ಗರ್ಭಿಣಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಿಸ್ಟರ್, ಈ ಐರನ್ ಮಾತ್ರೆ ನುಂಗಿದ್ರೆ ಹೊಟ್ಟೆ ಕಟ್ಟುತ್ತೆ, ನಂಗೆ ಕತ್ತಲಿದ್ದಾಗ ಮಾತ್ರ ಹೊರಗೆ ಹೋಗೋಕಾಗೋದು, ಆವಾಗ ಆಗ್ಲಿಲ್ಲ ಅಂದ್ರೆ ಮಾರನೇ ದಿನದವರೆಗೆ ತಡ್ಕೋಬೇಕು." ನೀರು ಕುಡಿಯೋದೂ ಕಮ್ಮಿ ಮಾಡಿದ್ರು, ಅದಕ್ಕೆ ಮಲಬದ್ಧತೆ ಇನ್ನೂ ಜಾಸ್ತಿ. ನಮ್ಮ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ "ಮಾತ್ರೆ ತೆಗೆದುಕೊಳ್ಳುತ್ತಿಲ್ಲ" ಅಂತಷ್ಟೇ ಇತ್ತು. ಡಾಕ್ಟರ್ ಹತ್ರ ಮಾತಾಡಿ ಡೋಸ್ ಬದಲಾಯಿಸಿ, ಪಕ್ಕದ ಮನೆಯವರ ಟಾಯ್ಲೆಟ್ ಹಗಲಲ್ಲಿ ಬಳಸೋಕೆ ಒಪ್ಪಿಸಿದ್ವಿ, ಮಾತ್ರೆ ಮತ್ತೆ ಶುರುವಾಯ್ತು.

ಚಿಕ್ಕ ಮಕ್ಕಳಲ್ಲಿ ಕಥೆ ಸ್ವಲ್ಪ ಬೇರೆ. ಹುಳ ಇಲ್ಲದಿದ್ರೂ ಕೊಳಕು ನೀರಿಂದ ಪದೇ ಪದೇ ಬೇಧಿ, ಸೋಂಕು. ದೇಹದಲ್ಲಿ ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿ ಮಾಡುತ್ತೆ, ಅದು ಕರುಳಿಂದ ರಕ್ತಕ್ಕೆ ಕಬ್ಬಿಣ ಹೋಗೋ ಬಾಗಿಲನ್ನೇ ಮುಚ್ಚಿಬಿಡುತ್ತೆ, ಐರನ್ ಸಿರಪ್ ಹೊಟ್ಟೆಗೆ ಹೋದ್ರೂ ರಕ್ತಕ್ಕೆ ಸರಿಯಾಗಿ ಸೇರಲ್ಲ. ಇಂಥ ಮಕ್ಕಳ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ರಕ್ತಪರೀಕ್ಷೆ) ಚೆನ್ನಾಗಿದೆ ಅಂತ ರಿಪೋರ್ಟ್ ನೋಡಿ ನಂಬಬಾರ್ದು, ಸೋಂಕಿದ್ದಾಗ ಫೆರಿಟಿನ್ ತಾನಾಗೇ ಏರುತ್ತೆ. ಐದು ವರ್ಷದೊಳಗಿನ ಆರೋಗ್ಯವಂತ ಮಕ್ಕಳಿಗೆ ಲೀಟರ್‌ಗೆ 12 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ರೆ ಕೊರತೆ ಅಂತಾರಲ್ಲ, ಸೋಂಕಿದ್ರೆ ಡಬ್ಲ್ಯುಎಚ್‌ಒ ಪ್ರಕಾರ ಆ ಗಡಿ 30.

ನೀರು, ಟಾಯ್ಲೆಟ್ ಸರಿಹೋದ್ರೆ ಎಲ್ಲ ಸರಿ ಅಂತಲೂ ನಾನು ಹೇಳಲ್ಲ. 2018ರಲ್ಲಿ ಬಾಂಗ್ಲಾದೇಶ, ಕೀನ್ಯಾದ ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು, ಮನೆಮಟ್ಟದಲ್ಲಿ ನೀರಿನ ಕ್ಲೋರಿನ್, ಟಾಯ್ಲೆಟ್, ಕೈತೊಳೆಯೋ ವ್ಯವಸ್ಥೆ ಕೊಟ್ಟಿದ್ದರಿಂದ ಮಕ್ಕಳ ಬೆಳವಣಿಗೆ ಹೆಚ್ಚಲಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದೊಂದೇ ಮನೆಗೆ ಕೊಟ್ರೆ ಸಾಲ್ದು, ಅಕ್ಕಪಕ್ಕದವರೆಲ್ಲ ಬಯಲು ಬಿಡಬೇಕು, ನೀರು ಮನೆ ಬಾಗಿಲಿಗೇ ಬರಬೇಕು. ಮಲೇರಿಯಾ, ಮುಟ್ಟಿನ ಅತಿಸ್ರಾವ, ಹುಟ್ಟಿನಿಂದಲೇ ಬರೋ ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇವೆಲ್ಲ ಬೇರೆ ಕಾರಣಗಳು, ಅವನ್ನೂ ನೋಡಲೇಬೇಕು.

ಸದ್ಯ ನಾನು ಮಾಡೋದು ಹೀಗೆ: ಒಂದು ತಿಂಗಳ ಮಾತ್ರೆ ಆದ್ಮೇಲೆ ಎಚ್‌ಬಿ ಮತ್ತೆ ನೋಡ್ತೀನಿ, 1 ಗ್ರಾಂ ಏರಿಲ್ಲ ಅಂದ್ರೆ ಮೊದಲು ಮಾತ್ರೆ ನಿಜವಾಗ್ಲೂ ಒಳಗೆ ಹೋಯ್ತಾ, ಹೋಗದಿದ್ರೆ ಯಾಕೆ ಅಂತ ಕೇಳಿ, ಆ ಮೂರು ಕಾಲಂ ನೋಡಿ, ಸ್ಟೂಲ್ ಟೆಸ್ಟ್‌ಗೆ ಕಳಿಸಿ, ಆಮೇಲೇ ಡಾಕ್ಟರ್ ಹತ್ರ. ಒಂದೇ ಬಯಲಿಗೆ ಹೋಗೋ ಮೂರ್ನಾಲ್ಕು ಮನೆಯಲ್ಲಿ ಹಿಂಗಾದ್ರೆ, ಹೆಸರು ಹಾಕದೆ ಆ ಜಾಗ ಮಾತ್ರ ಗುರುತಿಸಿದ ನಕ್ಷೆ ಹಿಡ್ಕೊಂಡು ನೀರಿನ ಲೈನ್ ನೋಡ್ಕೊಳ್ಳೋರ ಹತ್ರ ಹೋಗ್ತೀನಿ.