ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆ: ಆಸ್ಪತ್ರೆಗೆ ಸೇರುವ ಮುನ್ನ, ಮನೆಗೆ ಬಂದ ಮೇಲೆ

ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ತೊಡೆಸಂದಿನಲ್ಲಿ ಉಬ್ಬಿ, ಅಂಗಾತ ಮಲಗಿದಾಗ ಒಳಸರಿಯುವ ಗಂಟು ಬಹುಮಟ್ಟಿಗೆ ಹರ್ನಿಯಾ ಆಗಿರುತ್ತದೆ. ಹೊಟ್ಟೆಯ ಗೋಡೆಯ ಸ್ನಾಯು ದುರ್ಬಲವಾದ ಜಾಗದಲ್ಲಿ ಒಳಗಿನ ಕೊಬ್ಬು ಅಥವಾ ಕರುಳಿನ ಭಾಗ ಹೊರಚಾಚುವುದರಿಂದ ಇದು ಉಂಟಾಗುತ್ತದೆ. ದೊಡ್ಡವರಲ್ಲಿ ಈ ರಂಧ್ರ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮಾತ್ರೆ, ಎಣ್ಣೆ ಅಥವಾ ಬೆಲ್ಟಿನಿಂದಲೂ ಅದು ಮುಚ್ಚುವುದಿಲ್ಲ. ನೋವೇ ಇಲ್ಲದ ಗಂಡಸರು ವೈದ್ಯರ ನಿಗಾದಲ್ಲಿ ಕೆಲಕಾಲ ಕಾಯಬಹುದು. ಹೆಂಗಸರ ವಿಷಯದಲ್ಲಿ ಮಾತ್ರ ತಡಮಾಡುವುದು ಸರಿಯಲ್ಲ, ಏಕೆಂದರೆ ಅವರಲ್ಲಿ ಕರುಳು ಸಿಕ್ಕಿಕೊಳ್ಳುವ ಬಗೆಯ ಹರ್ನಿಯಾದ ಸಾಧ್ಯತೆ ಹೆಚ್ಚು. ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ಏರುತ್ತಾ, ವಾಂತಿ ಬಂದು, ಗ್ಯಾಸ್ ಹೋಗುವುದು ನಿಂತರೆ ಅದು ತುರ್ತು ಪರಿಸ್ಥಿತಿ. ಆಗ ಗಂಟನ್ನು ಒತ್ತಿ ಒಳತಳ್ಳಲು ಹೋಗದೆ, ಏನನ್ನೂ ತಿನ್ನದೆ, ಎಷ್ಟು ಹೊತ್ತಾಗಿದ್ದರೂ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ತೆರೆದ ವಿಧಾನದಲ್ಲಿ ತೊಡೆಸಂದಿನ ಮೇಲೆ ಒಂದು ಗಾಯ ಮಾಡಿ ರಂಧ್ರವನ್ನು ಸರಿಪಡಿಸುತ್ತಾರೆ; ಇದಕ್ಕೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಸಾಕಾಗುತ್ತದೆ, ಕೆಲವರಲ್ಲಿ ಆ ಜಾಗಕ್ಕಷ್ಟೇ ಮರಗಟ್ಟಿಸಿಯೂ ಮಾಡುತ್ತಾರೆ. ಲ್ಯಾಪರೊಸ್ಕೋಪಿಯಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸುತ್ತಾರೆ. ಇದಕ್ಕೆ ಹೆಚ್ಚಾಗಿ ಪೂರ್ಣ ಅರಿವಳಿಕೆ, ಅಂದರೆ ಪ್ರಜ್ಞೆ ತಪ್ಪಿಸುವ ಮದ್ದು, ಬೇಕು. ಎರಡೂ ಕಡೆ ಹರ್ನಿಯಾ ಇದ್ದರೆ, ಅಥವಾ ಹಿಂದೆ ತೆರೆದ ವಿಧಾನದಲ್ಲಿ ಮಾಡಿಸಿದ್ದು ಮರುಕಳಿಸಿದ್ದರೆ, ಲ್ಯಾಪರೊಸ್ಕೋಪಿ ಅನುಕೂಲ. ಉಳಿದವರು ವಿಧಾನದ ಹೆಸರಿಗೆ ಮಾರುಹೋಗದೆ, ತಮ್ಮ ಸರ್ಜನ್ ಯಾವುದನ್ನು ದಿನನಿತ್ಯ ಮಾಡುತ್ತಾರೆಂದು ಕೇಳಿ ಅದನ್ನು ಒಪ್ಪುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ರಂಧ್ರದ ಮೇಲೆ ಹೊದಿಸುವ ಮೆಶ್ ಎಂಬ ಜಾಲರಿಯ ಬಗ್ಗೆ ಅನೇಕರಿಗೆ ಅಂಜಿಕೆಯಿದೆ. 1887ರಲ್ಲಿ ಇಟಲಿಯ ಎಡ್ವರ್ಡೊ ಬಸ್ಸಿನಿ ಪ್ರಕಟಿಸಿದ ವಿಧಾನದಲ್ಲಿ ಸ್ನಾಯುಗಳನ್ನೇ ಎಳೆದು ಹೊಲಿಯಲಾಗುತ್ತಿತ್ತು; ಆ ಎಳೆತದಿಂದ ಹೊಲಿಗೆ ಸಡಿಲವಾಗಿ ಹರ್ನಿಯಾ ಮತ್ತೆ ಬರುವುದುಂಟು. 1980ರ ದಶಕದಲ್ಲಿ ಅಮೆರಿಕದ ಇರ್ವಿಂಗ್ ಲಿಚ್ಟನ್‌ಸ್ಟೈನ್ ಅವರು ಎಳೆಯದೆಯೇ ಜಾಲರಿ ಹೊದಿಸುವ ವಿಧಾನವನ್ನು ಬಳಕೆಗೆ ತಂದ ಮೇಲೆ ಮರುಕಳಿಕೆ ಬಹಳ ಇಳಿಯಿತು. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಈ ಜಾಲರಿಯ ಕಣ್ಣುಗಳೊಳಗೆ ನಿಮ್ಮದೇ ಅಂಗಾಂಶ ಬೆಳೆದು ಹೆಣೆದುಕೊಳ್ಳುತ್ತದೆ. ಅದು ಜೀವನಪೂರ್ತಿ ಅಲ್ಲೇ ಇರುತ್ತದೆ.

ಖರ್ಚಿನ ವಿಷಯವನ್ನು ದಿನಾಂಕ ಗೊತ್ತುಮಾಡುವ ಮೊದಲೇ ವಿಚಾರಿಸಿಕೊಳ್ಳಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಖಾಸಗಿ ಆಸ್ಪತ್ರೆಗೆ ನೇರವಾಗಿ ಸೇರುವ ಬದಲು, ಮೊದಲು ಸರ್ಕಾರಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸಿಕೊಡುವ ಪತ್ರ) ಬಗ್ಗೆ ಅಲ್ಲಿನ ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ಸಹಾಯಕ ಸಿಬ್ಬಂದಿಯನ್ನು, ಕೇಳಬೇಕು. ಖಾಸಗಿ ವಿಮೆ ಇರುವವರು ಹರ್ನಿಯಾಕ್ಕೆ ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಆ ಕಾಯಿಲೆಗೆ ಹಣ ಸಿಗದ ಅವಧಿ) ಮುಗಿದಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ಹಲವು ಪಾಲಿಸಿಗಳಲ್ಲಿ ಅದು 2 ವರ್ಷ.

ರಕ್ತ, ಸಕ್ಕರೆ, ಇಸಿಜಿಯಂಥ ಪರೀಕ್ಷೆಗಳ ಜೊತೆಗೆ ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಚೀಟಿಯ ಸಮೇತ ಅರಿವಳಿಕೆ ತಜ್ಞರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನಾಗಲಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು, ಕೇಳದೆ ಮುಂದುವರಿಸಲೂಬಾರದು. ಹಳೆಯ ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ಮುಕ್ಕರಿಯಬೇಕಾದ ತೊಂದರೆ ಇದ್ದರೆ ಮೊದಲು ಅವಕ್ಕೆ ಚಿಕಿತ್ಸೆ ಪಡೆಯಿರಿ. ಇವೇ ಹೊಲಿಗೆಯ ಮೇಲೆ ಒತ್ತಡ ಹಾಕುವಂಥವು. ಬೀಡಿ, ಸಿಗರೇಟನ್ನು ಕೆಲವು ವಾರ ಮುಂಚೆಯೇ ಬಿಟ್ಟರೆ ಗಾಯ ಬೇಗ ಮಾಯುತ್ತದೆ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆದುಕೊಳ್ಳಬೇಡಿ, ಸಣ್ಣ ಗೀರುಗಳಿಂದಲೂ ಸೋಂಕು ತಗಲಬಹುದು. ಸಾಮಾನ್ಯವಾಗಿ 6 ಗಂಟೆ ಮೊದಲು ಊಟ, ಹಾಲು, ಹಾಲು ಹಾಕಿದ ಕಾಫಿ ಎಲ್ಲವೂ ನಿಲ್ಲಬೇಕು. ಬರಿಯ ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಲು ಬಿಡುತ್ತಾರೆ.

ಆಪರೇಷನ್ ಕೋಣೆಗೆ ಒಯ್ಯುವ ಮುನ್ನ ಸರ್ಜನ್ ಹರ್ನಿಯಾ ಇರುವ ಕಡೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಅದು ಸರಿಯಾದ ಬದಿಯಲ್ಲಿದೆಯೇ ಎಂದು ನೀವೂ ನೋಡಿಕೊಳ್ಳಿ. ಒಂದು ಕಡೆಯ ಹರ್ನಿಯಾಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲುಗಳಿಗೆ ಸ್ವಾಧೀನ ಬರಲು ಕೆಲವು ಗಂಟೆಗಳು ಬೇಕು, ಮೂತ್ರ ಹೋಗಲು ತಡವಾಗಬಹುದು. ಹೊಟ್ಟೆಯ ಕೆಳಭಾಗ ಬಿಗಿಯಾದರೆ ಸಂಕೋಚಪಡದೆ ನರ್ಸ್‌ಗೆ ಹೇಳಿ.

ಅನೇಕರು ಆ ದಿನವೇ ಅಥವಾ ಮರುದಿನ ಮನೆಗೆ ಮರಳುತ್ತಾರೆ. ನಿಜವಾದ ಜಾಗ್ರತೆ ಬೇಕಾಗುವುದು ಇಲ್ಲಿಂದಲೇ, ಆದರೆ ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಸಿಗೆಯಿಂದ ನೇರವಾಗಿ ಎದ್ದು ಕೂರಬೇಡಿ. ಮಂಡಿ ಮಡಿಚಿ, ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಡುತ್ತಾ ಮೊಣಕೈ ಊರಿ ಏಳಿ. ಹೀಗೆ ಎದ್ದರೆ ಹೊಟ್ಟೆಯ ಸ್ನಾಯುವಿಗೆ ಎಳೆತ ಬೀಳುವುದಿಲ್ಲ. ಕೆಮ್ಮು, ಸೀನು, ನಗು ಬಂದಾಗ ಗಾಯದ ಮೇಲೆ ಅಂಗೈ ಅಥವಾ ಸಣ್ಣ ದಿಂಬು ಒತ್ತಿ ಹಿಡಿಯಿರಿ. ಮೊದಲ ದಿನದಿಂದಲೇ ಮನೆಯೊಳಗೆ ಓಡಾಡಿ. ಕುಕ್ಕರಗಾಲಲ್ಲಿ ಕೂತು ಏಳುವುದು ಕೆಲವು ದಿನ ಕಷ್ಟವಾಗುವುದರಿಂದ ಕಮೋಡ್ ಕುರ್ಚಿಯನ್ನು ಮೊದಲೇ ಹೊಂದಿಸಿಕೊಳ್ಳುವುದು ಒಳಿತು. ನೋವಿನ ಮಾತ್ರೆಗಳನ್ನು ಬರೆದುಕೊಟ್ಟ ವೇಳೆಗೇ ತೆಗೆದುಕೊಳ್ಳಿ. ನೋವು ತಡೆದುಕೊಂಡು ಅಲುಗಾಡದೆ ಮಲಗುವುದರಿಂದ ಚೇತರಿಕೆ ತಡವಾಗುತ್ತದೆ.

ಬೇಳೆ ತಿಂದರೆ ಕೀವಾಗುತ್ತದೆ, ಮೊಸರಿನಿಂದ ನಂಜಾಗುತ್ತದೆ ಎಂಬ ಪಥ್ಯ ನಮ್ಮ ಮನೆಗಳಲ್ಲಿ ಇನ್ನೂ ನಡೆಯುತ್ತಿರುವುದು ನನಗೆ ಕಳವಳದ ಸಂಗತಿ. ಗಾಯ ಕೂಡಲು ಬೇಕಾದ ಪ್ರೋಟೀನ್ ಇರುವುದೇ ಬೇಳೆ, ಕಾಳು, ಮೊಟ್ಟೆ, ಮೊಸರಿನಲ್ಲಿ. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಸೇರಿಸಿ ಊಟ ಕೊಡಬೇಕು.

ಗಂಡಸರಲ್ಲಿ ವೃಷಣಚೀಲ ಊದಿಕೊಂಡು ನೀಲಿಗಟ್ಟುವುದು ಸಾಮಾನ್ಯ. ಬಿಗಿಯಾದ ಒಳಉಡುಪು ಆಸರೆ ಕೊಡುತ್ತದೆ. ಹರ್ನಿಯಾ ಇದ್ದ ಜಾಗದಲ್ಲೇ ನೀರು ತುಂಬಿ ಮತ್ತೆ ಗಂಟು ಕಂಡರೆ ಅದು ಹೆಚ್ಚಾಗಿ ಕೆಲವು ವಾರಗಳಲ್ಲಿ ಇಂಗುತ್ತದೆ, ಆದರೂ ಒಮ್ಮೆ ವೈದ್ಯರಿಗೆ ತೋರಿಸಿ. ಜ್ವರ, ಗಾಯದಿಂದ ಕೀವು, ಹರಡುವ ಕೆಂಪು, ನಿಲ್ಲದ ರಕ್ತ, ಕಟ್ಟಿದ ಮೂತ್ರ, ಕಾಲಿನ ಮೀನಖಂಡದ ಊತ, ಉಸಿರಾಟದ ತೊಂದರೆ ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು. ಗಾಯದ ಸುತ್ತ ಜೋಮು ತಿಂಗಳುಗಟ್ಟಲೆ ಉಳಿಯುವುದುಂಟು. ಸುಮಾರು ಹತ್ತರಲ್ಲಿ ಒಬ್ಬರಿಗೆ ನೋವು ಮೂರು ತಿಂಗಳ ಆಚೆಗೂ ಮುಂದುವರಿಯುತ್ತದೆ. ಅದಕ್ಕೂ ಚಿಕಿತ್ಸೆಯಿದೆ, ಸಹಿಸಿಕೊಂಡು ಸುಮ್ಮನಿರಬೇಕಾಗಿಲ್ಲ.

ಕುರ್ಚಿಯ ಕೆಲಸದವರು ಒಂದೆರಡು ವಾರದಲ್ಲಿ ಮರಳಬಹುದು. ಬೈಕ್ ಓಡಿಸುವವರು, ಗಕ್ಕನೆ ಬ್ರೇಕ್ ಒತ್ತಿದರೂ ನೋವಾಗದು ಎನ್ನುವ ಹಂತಕ್ಕೆ ಬಂದ ಮೇಲೆ ಹೊರಡಲಿ. ಗೊಬ್ಬರದ ಮೂಟೆ, ತುಂಬಿದ ಬಿಂದಿಗೆ, ಬೆನ್ನಿಗೇರಿಸುವ ಔಷಧಿ ಸಿಂಪಡಣೆಯ ಟ್ಯಾಂಕ್ ಇವುಗಳಿಗೆ 4ರಿಂದ 6 ವಾರ ಕೈ ಹಾಕಬಾರದು. ಆದ್ದರಿಂದ ರೈತರು, ಹಮಾಲಿಗಳು, ಗಾರೆ ಕೆಲಸದವರು ಬಿತ್ತನೆ, ಕೊಯ್ಲು, ಹಬ್ಬದ ಲೆಕ್ಕ ಹಾಕಿ, ಬದಲಿ ಆಳನ್ನು ಗೊತ್ತುಮಾಡಿಕೊಂಡ ನಂತರವೇ ಸರ್ಜನ್ ಬಳಿ ದಿನಾಂಕ ಕೇಳುವುದು ಉತ್ತಮ.