ಕಿನ್ನಾಳದ ಚಿತ್ರಕ್ಕೆ ಡಿಜಿಟಲ್ ಪ್ರತಿ: ಬಣ್ಣ ಕೆಡದಂತೆ, ಹೊಳಪು ಕಪ್ಪಾಗದಂತೆ

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಹಲಗೆಗೆ ಬಣ್ಣ ಹಚ್ಚಿ, ಕಲ್ಲುಪುಡಿ ಮತ್ತು ಅಂಟು ಕಲಸಿ ಒಡವೆಗಳನ್ನು ಉಬ್ಬಿಸಿ, ಅದರ ಮೇಲೆ ಲೋಹದ ಹೊಳಪು ಕೊಡುತ್ತಾರೆ. ಇಂಥ ಚಿತ್ರವನ್ನು ಮೊಬೈಲಿನಲ್ಲಿ ಹೊಡೆದು ಪ್ರಿಂಟ್ ಹಾಕಿಸಿದರೆ ಕೆಂಪು ಉರಿಯುತ್ತದೆ, ಹಸಿರು ಮಂಕಾಗುತ್ತದೆ, ಒಡವೆಗಳು ಬರೀ ಬಿಳಿ ಮಚ್ಚೆಗಳಾಗುತ್ತವೆ. ಇದರಲ್ಲಿ ಮುಕ್ಕಾಲು ಪಾಲು ಬೆಳಕಿನ ತಪ್ಪು.

ಎ4 ಅಳತೆಯೊಳಗಿನ ಕಾಗದದ ಚಿತ್ರವಾದರೆ ಸ್ಕ್ಯಾನರ್ ಸಾಕು, 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. ಉಬ್ಬು ಕೆಲಸಕ್ಕೆ ಮಾತ್ರ ಬೇಡ. ಅಗ್ಗದ ತೆಳು ಸ್ಕ್ಯಾನರುಗಳು ಗಾಜಿಗೆ ಅಂಟಿಕೊಂಡಿದ್ದನ್ನಷ್ಟೇ ಚೂಪಾಗಿ ಹಿಡಿಯುತ್ತವೆ. ಒಡವೆ ಗಾಜಿಗೆ ತಾಗಿದರೆ ಹಿನ್ನೆಲೆ ಮೇಲೆದ್ದು ಮಸುಕಾಗುತ್ತದೆ, ಒಡವೆಗೂ ಉಜ್ಜು ಬೀಳುತ್ತದೆ.

ಕ್ಯಾಮೆರಾ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಪ್ರಿಂಟಿನ ಇಂಚನ್ನು 300ರಿಂದ ಗುಣಿಸಿ. 12×18 ಇಂಚಿಗೆ 3600×5400 ಪಿಕ್ಸೆಲ್, ಅಂದರೆ ಸುಮಾರು 19 ಮೆಗಾಪಿಕ್ಸೆಲ್. 24ರ ಕ್ಯಾಮೆರಾ ಸಾಲುತ್ತದೆ. ಅದಕ್ಕಿಂತ ದೊಡ್ಡ ಪ್ರಿಂಟ್ ಬೇಕಾದರೆ ತುಂಡುತುಂಡಾಗಿ ತೆಗೆದು ಜೋಡಿಸಿ. ಒಂದು ತುಂಡು ಇನ್ನೊಂದರ ಮೇಲೆ ಮೂರನೇ ಒಂದು ಭಾಗ ಬರಲಿ. ಕ್ಯಾಮೆರಾ ತಿರುಗಿಸಬೇಡಿ, ಚಿತ್ರವನ್ನೇ ಪಕ್ಕಕ್ಕೆ ಸರಿಸಿ.

ಹಲಗೆಯ ಧೂಳನ್ನು ಮೊದಲು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಬಳ್ಳಾರಿ ಕಡೆಯ ಕೆಂಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣದೊಳಗೇ ಕೂರುತ್ತದೆ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಬೇಸಿಗೆಯ ಸೆಕೆಯಲ್ಲೂ ಫ್ಯಾನ್ ಬಂದ್ ಮಾಡಲೇಬೇಕು, ಇಲ್ಲದಿದ್ದರೆ ಟ್ರೈಪಾಡ್ ನಡುಗುತ್ತದೆ. ಗೋಡೆಗೆ ಹಸಿರು, ನೀಲಿ ಬಣ್ಣವಿದ್ದರೆ ಕಪ್ಪು ಬಟ್ಟೆ ಇಳಿಬಿಡಿ. ಆ ಬಣ್ಣ ಚಿತ್ರದ ಮೇಲೂ ಬೀಳುತ್ತದೆ.

ಕ್ಯಾಮೆರಾ ಚಿತ್ರಕ್ಕೆ ನೇರವಾಗಿದೆಯೇ ಎಂದು ನೋಡಲು ಒಂದು ಪುಟ್ಟ ಕನ್ನಡಿಯನ್ನು ಚಿತ್ರದ ನಡುವೆ ಚಪ್ಪಟೆಯಾಗಿ ಹಿಡಿಯಿರಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ಸರಿಯಾಗಿ ಮಧ್ಯಕ್ಕೆ ಬರುವವರೆಗೆ ಕ್ಯಾಮೆರಾ ಸರಿಪಡಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್), 2 ಸೆಕೆಂಡಿನ ಟೈಮರ್ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಎಲ್‌ಇಡಿ ಮಿನುಗಿದರೆ ಫೋಟೋದಲ್ಲಿ ಪಟ್ಟೆ ಬೀಳುತ್ತದೆ, ಹಾಗಾಗಿ ಶಟರ್ 1/50 ಅಥವಾ 1/25 ಸೆಕೆಂಡ್ ಇಡಿ.

ಒಂದೇ ಬಗೆಯ ಎರಡು ಎಲ್‌ಇಡಿ, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿನವು, ಎರಡೂ ಬದಿಗೆ 45 ಡಿಗ್ರಿಯಲ್ಲಿ, ಸಮ ದೂರದಲ್ಲಿ ಇರಲಿ. ಚಿತ್ರದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಫೋಟೋ ತೆಗೆದು, ನಾಲ್ಕು ಮೂಲೆ ಮತ್ತು ನಡುವಿನ ಬೆಳಕಿನ ಅಂಕವನ್ನು (0ರಿಂದ 255) ಫೋಟೋ ತಿದ್ದುವ ತಂತ್ರಾಂಶದಲ್ಲಿ ನೋಡಿ. 255ರಲ್ಲಿ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ದೀಪಗಳನ್ನು ಹಿಂದಕ್ಕೆ ಸರಿಸಿ. ದೀಪವಿಲ್ಲದವರಿಗೆ ಉತ್ತರಕ್ಕೆ ತೆರೆದ ಪಡಸಾಲೆಯ ನೆರಳೇ ಸೈ. ಆದರೆ ಕೊಪ್ಪಳ, ರಾಯಚೂರಿನಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆಗ ಆ ಪಡಸಾಲೆಗೂ ನೇರ ಬಿಸಿಲು ಬರಬಹುದು.

ಇನ್ನು ಹೊಳಪಿನ ವಿಷಯ. ಇಲ್ಲಿ ಆತುರ ಬೇಡ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ; ಎರಡೂ ಒಂದೇ ದಿಕ್ಕಿಗೆ), ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ಮೆರುಗೆಣ್ಣೆಯ ಮಿಂಚು ಮಾಯವಾಗುವವರೆಗೆ ಫಿಲ್ಟರ್ ತಿರುಗಿಸಿ. ಬಣ್ಣಗಳು ತೊಳೆದಿಟ್ಟಂತೆ ಎದ್ದು ಬರುತ್ತವೆ. ಆದರೆ ಲೋಹದಿಂದ ಬರುವುದೆಲ್ಲ ಬರೀ ಮಿಂಚೇ ಆದ್ದರಿಂದ ಒಡವೆ ಕಪ್ಪು ತಗಡಿನಂತಾಗುತ್ತದೆ. ಆದ್ದರಿಂದ ಎರಡು ಫೋಟೋ ಬೇಕು. ಮೊದಲನೆಯದು ಹೀಗೆ, ಆಮೇಲೆ ಬಣ್ಣ ಹೊಂದಿಸಲು 24 ಚೌಕದ ಕಲರ್ ಚಾರ್ಟನ್ನೂ ಇದೇ ಬೆಳಕಿನಲ್ಲಿ ತೆಗೆದುಕೊಳ್ಳಿ. ಎರಡನೆಯದಕ್ಕೆ ಕ್ಯಾಮೆರಾ ಅಲುಗಿಸದೆ ಹಾಳೆ ಮತ್ತು ಫಿಲ್ಟರ್ ತೆಗೆದು, ಕ್ಯಾಮೆರಾದ ಮೇಲ್ಭಾಗಕ್ಕೆ ದೊಡ್ಡ ಬಿಳಿ ಥರ್ಮೋಕೋಲ್ ಹಿಡಿದು, ಒಂದು ದೀಪವನ್ನು ಅದರತ್ತ ತಿರುಗಿಸಿ. ಒಡವೆ ಆ ಬಿಳುಪನ್ನು ಪ್ರತಿಫಲಿಸಿ ಮೆಲ್ಲಗೆ ಹೊಳೆಯುತ್ತದೆ. ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಎರಡನೆಯದನ್ನು ಮೇಲಿಟ್ಟು, ಕಪ್ಪು ಮಾಸ್ಕ್ (ಮೇಲಿನ ಫೋಟೋವನ್ನು ಮರೆಮಾಡುವ ಪದರ) ಹಾಕಿ, ಒಡವೆಯ ಜಾಗವನ್ನಷ್ಟೇ ಬಿಳಿ ಬ್ರಷ್‌ನಿಂದ ತೆರೆಯಿರಿ. ಪೂರ್ತಿ ತೆರೆದರೆ ಅಂಟಿಸಿದಂತೆ ಕಾಣುತ್ತದೆ. 60–70 ಶೇಕಡಾ ಸಾಕು, ಉಬ್ಬಿನ ಅಂಚಿನ ಕಪ್ಪು ಗೆರೆ ಉಳಿಯಲೇಬೇಕು.

ಕೊನೆಗೆ 16 ಬಿಟ್ ಟಿಫ್ (ಗುಣ ಕಳೆಯದ ಫೈಲ್ ಬಗೆ), ಅಡೋಬ್ ಆರ್‌ಜಿಬಿ (ಹೆಚ್ಚು ಬಣ್ಣ ಹಿಡಿಯುವ ಬಣ್ಣದ ವ್ಯಾಪ್ತಿ) ಆಗಿ ಉಳಿಸಿ. 24 ಮೆಗಾಪಿಕ್ಸೆಲ್‌ಗೆ ಸುಮಾರು 144 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ಶ್ರಮವೆಲ್ಲ ವ್ಯರ್ಥ, ಪೆನ್‌ಡ್ರೈವ್‌ನಲ್ಲೇ ಕೊಡಿ. ಪ್ರತಿಗಳನ್ನು ಮಾರುವುದಿದ್ದರೆ ಚಿತ್ರಗಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಲಗೆ ಕೊಂಡ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ.

ಫ್ಲೆಕ್ಸ್ ಹೊಡೆಯುವ ಯಂತ್ರ ಈ ಕೆಲಸಕ್ಕಲ್ಲ. ಪಿಗ್ಮೆಂಟ್ ಇಂಕ್ (ಬಣ್ಣದ ಪುಡಿಯ ಶಾಯಿ), ಹತ್ತಿಯ ಕಾಗದ ಇರುವ ಕಡೆಯೇ ಹೋಗಿ. ಪೂರ್ತಿ ಪ್ರಿಂಟಿಗೆ ಮೊದಲು ಮುಖ ಮತ್ತು ಒಡವೆ ಇರುವ 4×6 ಇಂಚಿನ ತುಂಡನ್ನು ನಿಜ ಅಳತೆಯಲ್ಲಿ ತೆಗೆಸಿ, ಒಂದು ದಿನ ಒಣಗಲು ಬಿಟ್ಟು, ಹಗಲು ಬೆಳಕಿನ ನೆರಳಿನಲ್ಲಿ ಮೂಲದ ಪಕ್ಕ ಹಿಡಿದು ನೋಡಿ. ಕಪ್ಪಾಗಿ ಬಂದಿದ್ದರೆ ಬಹುಪಾಲು ನಿಮ್ಮ ಮಾನಿಟರ್ ಅತಿ ಪ್ರಖರವಾಗಿದೆ ಎಂದರ್ಥ. ಅದನ್ನು ತಗ್ಗಿಸಿಕೊಂಡು ಫೈಲ್ ತಿದ್ದಿ, ಇನ್ನೊಂದು ತುಂಡು ತೆಗೆಸಿ.